ಹನ್ನೊಂದು ಕೆ.ಜಿ. ಬಿಲ್ಲು

ಅಣ್ಣ ಸತ್ತು ಒಂದೂವರೆ ತಿಂಗಳಾದ ಮೇಲೆ ಒಂದು ಭಾನುವಾರ ನಾನು ಮಂಡಿಯ ಕೊಕ್ಕೆ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಚಳ್ಳಕೆರೆಯಲ್ಲಿ ಬಿ.ಜಿ. ಕೆರೆಯ ಬಸ್ಸು ಹತ್ತಿದೆ. ಬಿ.ಜಿ. ಕೆರೆಯಲ್ಲಿ ನನ್ನ ಸೋದರಮಾವ ಇದ್ದ. ನಮ್ಮ ಕಡೆ ಬಿಲ್ಲು ಮಾಡಲು ಬರುವವರು ಈಗ ಅವನನ್ನು ಬಿಟ್ಟರೆ ಹೆಚ್ಚು ಜನ ಇಲ್ಲ. ನನಗೊಂದು ಬಿಲ್ಲು ಬೇಕಿತ್ತು. ಒಬ್ಬ ಮನುಷ್ಯನನ್ನು ಕೊಲ್ಲಲು ಬೇಕಿತ್ತು.

ಮಂಡಿಯಲ್ಲಿ ನಾನು ಶೇಂಗಾ ತೂಕ ಮಾಡುವವನು. ಹಾಸ್ಟೆಲ್ಲಿನಲ್ಲಿದ್ದು ಹತ್ತನೇ ತರಗತಿಯವರೆಗೆ ಓದಿದ್ದರಿಂದ ಆ ಕೆಲಸ ಸಿಕ್ಕಿತು. ಅಣ್ಣ ಶಾಲೆಗೆ ಹೋಗಲಿಲ್ಲ. ಅವನು ನನ್ನಿವಾಳದ ಆಚೆ ಇರುವ ನಮ್ಮ ಹಟ್ಟಿಯ ದೇವರೆತ್ತುಗಳ ಕಿಲಾರಿಯಾದ. ದೇವರ ಹೆಸರಿಗೆ ಬಿಟ್ಟ ಆ ದನಗಳನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿ ಅವುಗಳ ಜೊತೆಯಲ್ಲೇ ಬದುಕಬೇಕು, ಅವುಗಳ ಹಿಂದೆ ಇರುವಷ್ಟು ಹೊತ್ತು ಕಾಲಿಗೆ ಮೆಟ್ಟು ಹಾಕುವಂತಿಲ್ಲ. ನಾನು ಹಬ್ಬಕ್ಕೆ ಬೂಟು ಹಾಕಿಕೊಂಡು ಹೋದರೆ ಅಣ್ಣ ದೂರದಿಂದಲೇ ಕೂಗುತ್ತಿದ್ದ: "ಲೇ, ಅಲ್ಲೇ ನಿಲ್ಲು. ಯಾವನೋ ಆಫೀಸರ್ ಬಂದ ಅಂತ ದನ ಓಡಿ ಹೋಗ್ತಾವೆ." ಅವನ ಅಂಗಾಲು ಮುಟ್ಟಿದರೆ ಒಣಗಿದ ಚರ್ಮದ ಚೀಲ ಮುಟ್ಟಿದಂತಿತ್ತು. ಜಾಲಿ ಮುಳ್ಳು ಚುಚ್ಚಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಕರೆಂಟಿಗೆ ಆ ಅಂಗಾಲು ಯಾವ ಲೆಕ್ಕ.

ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ಸರ್ಕಾರಿ ಸಂಸ್ಥೆಗಳ ಗೋಡೆಗಳೆದ್ದ ಮೇಲೆ ನಮ್ಮ ದನ ಓಡಾಡುವ ದಾರಿ ಕಿರಿದಾಗಿ, ಕೊಳವೆಬಾವಿಯ ಹೊಲಗಳಿಗೆ ಒತ್ತಿಕೊಂಡು ಬಂತು. ಆ ದಾರಿಯ ಮಗ್ಗುಲಲ್ಲಿ ಒಬ್ಬ ಸಾವ್ಕಾರನ ಹೊಲವಿದೆ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹಂದಿ ಬರುತ್ತವೆಂದು ಅವನು ಬದುವಿನ ಸುತ್ತ ಮೊಣಕಾಲೆತ್ತರಕ್ಕೆ ಬರಿ ತಂತಿ ಎಳೆದು, ಸಂಜೆ ಅದಕ್ಕೆ ಕರೆಂಟು ಕೊಟ್ಟು, ಬೆಳಿಗ್ಗೆ ಬಂದು ತೆಗೆಯುತ್ತಿದ್ದ. ಒಂದು ಬೆಳಗಿನ ಜಾವ ಹೋರಿಯೊಂದು ರೊಪ್ಪದಿಂದ, ಅಂದರೆ ದನ ಕೂಡುವ ಮುಳ್ಳುಬೇಲಿಯೊಳಗಿಂದ, ತಪ್ಪಿಸಿಕೊಂಡು ಆ ಕಡೆ ಹೋಯಿತು. ಅಣ್ಣ ಅದರ ಹಿಂದೆ ಹೋದ. ಹಿಂದಿನ ದಿನ ನೀರು ಕಟ್ಟಿದ ಹೊಲ. ಹೋರಿ ತಾನಾಗಿ ವಾಪಸ್ಸು ಬಂತು.

ಎಂಟು ಗಂಟೆಗೆ ನನಗೆ ಫೋನ್ ಬಂತು. ನಾನು ಹೋಗುವ ಹೊತ್ತಿಗೆ ಬದುವಿನ ಮೇಲೆ ತಂತಿ ಇರಲಿಲ್ಲ, ಗೂಟ ಕಿತ್ತ ತೂತುಗಳಿದ್ದವು. ಅಣ್ಣನನ್ನು ದಾರಿಯಂಚಿನಲ್ಲಿದ್ದ ಮೋಟರಿನ ಸ್ಟಾರ್ಟರ್ ಡಬ್ಬಿಯ ಹತ್ತಿರಕ್ಕೆ ಎಳೆದು ಮಲಗಿಸಿದ್ದರು. ಬಲಗೈಯ ಪಕ್ಕ ಒಂದು ಕಟಿಂಗ್ ಪ್ಲೇಯರ್ ಬಿದ್ದಿತ್ತು. ಹೊಸದು. ಅದರ ಹಿಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಮೋಟರಿನ ಕೇಬಲ್ ಕದಿಯಲು ಬಂದು ಸತ್ತ, ಬದುವಿನ ತಂತಿಗೆ ತಾನು ಎಂದೂ ಕರೆಂಟು ಕೊಡುವುದಿಲ್ಲ ಎಂದು ಸಾವ್ಕಾರ ಎಲ್ಲರ ಮುಂದೆ ಹೇಳಿದ. ಅವನು ಹೇಳಿದ್ದೇ ಕಾಗದಕ್ಕೂ ಹೋಯಿತು. ಕೇಬಲ್ ಕಳ್ಳ ದನದ ಹಿಂದೆ ಬರಿಗಾಲಲ್ಲಿ ಬರುತ್ತಾನೆಯೇ ಎಂದು ನಾನು ಕೇಳಿದೆ.

ಹಟ್ಟಿಯಲ್ಲಿ ಅದಕ್ಕಿಂತ ಕೆಟ್ಟದ್ದು ನಡೆಯಿತು. ಕಿಲಾರಿ ಸತ್ತರೆ ಅವನನ್ನು ರೊಪ್ಪದ ಮೂಡಲ ಮಗ್ಗುಲಿಗೆ ಮಣ್ಣು ಮಾಡಿ ತಲೆದೆಸೆಗೆ ಕಲ್ಲು ನಿಲ್ಲಿಸುವುದು ನಮ್ಮ ಪದ್ಧತಿ. ನನ್ನ ಅಜ್ಜನ ಕಲ್ಲು ಅಲ್ಲಿದೆ, ಅವನಿಗಿಂತ ಹಿಂದಿನವರ ಕಲ್ಲುಗಳಿವೆ. ಆದರೆ ಕಳ್ಳತನದ ಮಾತು ಬಂದವನಿಗೆ ಆ ಜಾಗವಿಲ್ಲ. ಹಿರಿಯರು ತಲೆ ತಗ್ಗಿಸಿ, "ಮಾತು ತೊಳೆಯೋವರೆಗೆ ಬ್ಯಾಡಪ್ಪ" ಎಂದರು. ಅಣ್ಣನನ್ನು ಹಳ್ಳದ ಆಚೆ, ಕಳ್ಳಿ ಗಿಡಗಳ ನಡುವೆ ಹೂತೆವು. ಅವನ ಬಿಲ್ಲಿನ ಹೆದೆ ಕತ್ತರಿಸಿ ಅವನ ಬಲಗಡೆಗೆ ಇಟ್ಟೆವು. ಸತ್ತವನ ಬಿಲ್ಲನ್ನು ಬೇರೆಯವರು ಮುಟ್ಟಬಾರದು. ಆದ್ದರಿಂದ ಆ ಬಿಲ್ಲು ನನಗೆ ಸಿಗುವಂತಿರಲಿಲ್ಲ.

ಒಂದು ತಿಂಗಳಾದ ಮೇಲೆ ಅದೇ ಹೊಲದ ಶೇಂಗಾ ನಮ್ಮ ಮಂಡಿಗೆ ಬಂತು. ನಾನೇ ತೂಕ ಮಾಡಬೇಕಾಯಿತು. ಸಾವ್ಕಾರ ಬಿಳಿ ಅಂಗಿಯ ತೋಳು ಮಡಚುತ್ತಾ ಹತ್ತಿರ ಬಂದು ಹೇಳಿದ: "ನಿಮ್ಮಣ್ಣಂದು ಬೇಜಾರಾತು ಕಣಪ್ಪ. ನನ್ನ ಕೇಳಿದ್ರೆ ನಾನೇ ನಾಕು ಮಾರು ಕೇಬಲ್ ಕೊಡ್ತಿದ್ದೆ."

ಅವನ ಮೂಟೆಯನ್ನು ಇಳಿಸಿ ಮುಂದಿನ ಮೂಟೆಯನ್ನು ಎತ್ತಿಸಿದೆ. ಅವತ್ತೇ ತೀರ್ಮಾನ ಮಾಡಿದೆ.

ಮಚ್ಚು ಸಾಕಾಗಿತ್ತು ಎಂದು ಓದುವವರಿಗೆ ಅನಿಸಬಹುದು. ಮಚ್ಚಾದರೆ ಹತ್ತಿರ ಹೋಗಬೇಕು, ಎಲ್ಲ ಒಂದು ಕ್ಷಣದಲ್ಲಿ ಮುಗಿಯುತ್ತದೆ. ನನಗೆ ಅವನು ಬೀಳುವುದನ್ನು ದೂರ ನಿಂತು ತಲೆಯಿಂದ ಕಾಲಿನವರೆಗೆ ನೋಡಬೇಕಿತ್ತು.

ನಾನು ಎಂದೂ ಬಿಲ್ಲು ಹಿಡಿದವನಲ್ಲ. ನನಗೆ ಗೊತ್ತಿದ್ದದ್ದು ತೂಕ. ಅದನ್ನೇ ಫೋನಿನಲ್ಲಿ ಹುಡುಕಿದೆ. ಬಿಲ್ಲಿಗೂ ತೂಕವಿದೆ, ಹೆದೆಯನ್ನು ಪೂರ್ತಿ ಎಳೆಯಲು ಎಷ್ಟು ಬಲ ಬೇಕೋ ಅದೇ ಅದರ ತೂಕ ಎಂದು ತಿಳಿಯಿತು. ಬೇಟೆಗೆ ನಲವತ್ತು ಪೌಂಡ್ ಬೇಕು, ಐವತ್ತು ಬೇಕು ಎಂದು ಯಾರ್ಯಾರೋ ಹೇಳುತ್ತಿದ್ದರು. ಪೌಂಡನ್ನು ಕೆ.ಜಿ. ಮಾಡಿಕೊಂಡೆ. ಸಿಕ್ಕಷ್ಟೂ ಭಾರದ್ದು ಬೇಕು, ಇಪ್ಪತ್ತೈದು ಕೆ.ಜಿ. ಇರಲಿ ಎಂದುಕೊಂಡೆ. ದಿನವೂ ಮೂಟೆ ಎತ್ತಿಳಿಸುವವನಿಗೆ ಇಪ್ಪತ್ತೈದು ಏನು ಮಹಾ.

ಮಾವ ಬೇವಿನ ಮರದ ಕೆಳಗೆ ಕೂತಿದ್ದ. ಸುತ್ತ ಐದಾರು ಬಿದಿರ ಬಿಲ್ಲುಗಳಿದ್ದವು, ಎಲ್ಲವೂ ದೇವರ ಪೂಜೆಗೆಂದು ಮಾಡಿದವು. ಬೇಟೆಯಾಡಿದರೆ ಈಗ ಜೈಲು. ನಾನು ಚೀಲದಿಂದ ತಕ್ಕಡಿ ತೆಗೆದದ್ದನ್ನು ನೋಡಿ ಅವನು ಕೆಮ್ಮು ಬರುವಷ್ಟು ನಕ್ಕ. ಅವನ ಮಾತಿನಲ್ಲಿ ಅರ್ಧ ತೆಲುಗು, ಅಳಿಯನಾದ ನಾನು ಅವನ ಬಾಯಲ್ಲಿ ಅಲ್ಲುಡು.

"ಏಮ್ರಾ ಅಲ್ಲುಡಾ! ಬಿಲ್ಲು ಅಂದ್ರೆ ಶೇಂಗಾ ಮೂಟೆ ಅಂದ್ಕಂಡ್ಯೇನೋ?"

"ಮಾವ, ಇಪ್ಪತ್ತೈದು ಕೆ.ಜಿ. ಎಳೆಯೋದು ಬೇಕು ನಂಗೆ."

"ಯಾಕೆ, ಆನೆ ಬಂದೈತಾ ನಿಮ್ಮೂರಿಗೆ?"

"ಹಂದಿ."

ಅವನು ಒಳಗಿನಿಂದ ಹಳೆಯದೊಂದು ಬಿಲ್ಲು ತಂದ. ಬೇವಿನ ಕೊಂಬೆಗೆ ತಕ್ಕಡಿ ನೇತುಹಾಕಿ, ಕೊಕ್ಕೆಗೆ ಹೆದೆಯನ್ನು ಸಿಕ್ಕಿಸಿ, ಬಾಣದುದ್ದದವರೆಗೆ ಬಿಲ್ಲನ್ನು ಕೆಳಕ್ಕೆ ಜಗ್ಗಿದೆವು. ಇಪ್ಪತ್ತನಾಲ್ಕು ತೋರಿಸಿತು. ನಾನು ಬಾಣ ಹೂಡಿ, ಕಾಲು ಅಗಲಿಸಿ ನಿಂತು ಒಂದೇ ಏಟಿಗೆ ಕಿವಿಯವರೆಗೆ ಎಳೆದೆ. ಎಳೆದು ಮಾವನ ಮುಖ ನೋಡಿದೆ.

"ಬಂತಲ್ಲ," ಎಂದೆ.

"ಬರ್ತೈತೆ. ಈಗ ಹಿಡ್ಕಾ." ಅವನು ಬೀಡಿಯ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿ ಗೀರಿದ. "ಈ ಕಡ್ಡಿ ನನ್ನ ಬೆರಳಿಗೆ ಬರೋವರೆಗೆ ಹಿಡ್ಕಂಡಿರು."

ಕಡ್ಡಿಯ ತಲೆ ಕಪ್ಪಾಗುವುದರೊಳಗೆ ನನ್ನ ಎಡಗೈ ನಡುಗತೊಡಗಿತು. ಬಾಣದ ತುದಿ ಕೋಳಿಯ ಕುತ್ತಿಗೆಯ ಹಾಗೆ ಕುಣಿಯಿತು. ಅರ್ಧ ಕಡ್ಡಿ ಇರುವಾಗಲೇ ಕೈ ಸೋತು ಬಾಣ ಎಲ್ಲೋ ಹೋಗಿ ಬಿತ್ತು.

"ಹಂದಿ ಕುಂತು ನಗ್ತಿತ್ತು ಈಗ," ಎಂದ ಮಾವ. "ಮೂಟೆ ಎತ್ತೋ ಬೆನ್ನು ಬ್ಯಾರೆ, ಹೆದೆ ಎಳೆಯೋ ಬೆನ್ನು ಬ್ಯಾರೆ ಕಣಲೇ. ಎಳೆಯೋದು ತೂಕ ಅಲ್ಲ, ಹಿಡಿಯೋದು ತೂಕ. ಮೊದಲ್ನೇ ಬಿಲ್ಲು ತಗಳಾರು ಎಲ್ರೂ ಮಾಡೋ ತಪ್ಪೇ ಇದು."

ಹದಿನೆಂಟರ ಬಿಲ್ಲು ಕೊಟ್ಟ. ಮುಕ್ಕಾಲು ಕಡ್ಡಿ. ನನಗೆ ಸಿಟ್ಟು ಬಂತು. ಕಮ್ಮಿ ತೂಕದ್ದು ಹಿಡಿದರೆ ಅಣ್ಣನಿಗೆ ಕಮ್ಮಿ ಮಾಡಿದಂತೆ ಅನಿಸುತ್ತಿತ್ತು. ಇಪ್ಪತ್ತನಾಲ್ಕರದ್ದನ್ನೇ ಕೊಡು, ಅಭ್ಯಾಸ ಮಾಡಿಕೊಳ್ಳುತ್ತೇನೆ ಎಂದೆ. ಮಾವ ಕೊಡಲಿಲ್ಲ. ಎಷ್ಟು ದೂರ, ನಿಂತು ಹೊಡೆಯುತ್ತೀಯೋ ಕೂತೋ, ಬಿಸಿಲು ಯಾವ ಕಡೆಗಿರುತ್ತದೆ ಎಂದು ಒಂದೊಂದಾಗಿ ಕೇಳತೊಡಗಿದ. ಇವನ್ನೆಲ್ಲ ತಿಳಿಯದೆ ತೂಕ ಹೇಳಲಾಗುವುದಿಲ್ಲ ಎಂದ. ಹದಿನೈದು ಹೆಜ್ಜೆ ದೂರ, ನಿಂತು, ಬಿಸಿಲು ಬೆನ್ನಿಗೆ ಎಂದು ಹೇಳಿದೆ.

"ಯಾವ ಹೊತ್ತಿಗೆ ಬರ್ತೈತೆ ಹಂದಿ?"

"ಬೆಳಿಗ್ಗೆ ಏಳಕ್ಕೆ. ದಿನಾ ಏಳಕ್ಕೆ."

ಮಾವ ಬೀಡಿಯನ್ನು ಬಾಯಿಂದ ತೆಗೆದ. "ದಿನಾ ಏಳಕ್ಕೆ. ಬೈಕ್ ಮ್ಯಾಲೆ ಬರ್ತೈತಾ?"

ನಾನು ನೆಲ ನೋಡಿದೆ. ಅವನು ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಹೆದೆಯನ್ನು ಬೆರಳಿನಿಂದ ಮೀಟಿದ. ಬೈಯುತ್ತಾನೆ, ಬುದ್ಧಿ ಹೇಳುತ್ತಾನೆ ಎಂದುಕೊಂಡೆ. ಅಣ್ಣ ಅವನ ತೋಳಿನಲ್ಲಿ ಬೆಳೆದವನು, ಕಿಲಾರಿಯಾದ ದಿನ ಅವನಿಗೆ ಬಿಲ್ಲು ಮಾಡಿಕೊಟ್ಟವನೂ ಈ ಮಾವನೇ.

"ಹಂದಿಗೆ ಕೊಬ್ಬೈತೆ, ಮೈಮ್ಯಾಲೆ ಒಣಗಿದ ಕೆಸರೈತೆ," ಎಂದ ಕೊನೆಗೆ. "ಮನುಷ್ಯಂಗೆ ಏನೈತೆ? ಒಂದು ಅಂಗಿ. ಹನ್ನೊಂದು ಕೆ.ಜಿ. ಸಾಕು."

"ಹನ್ನೊಂದಾ?"

"ಅದೂ ಜಾಸ್ತಿನೇ. ಆದ್ರೆ ಒಂದು ಕೇಳ್ತೀನಿ. ಅವ್ನು ಸತ್ರೆ ನಿಮ್ಮಣ್ಣನ ಕಲ್ಲು ಎಲ್ಲಿ ನಿಲ್ಲಿಸ್ತೀಯಾ? ಹಳ್ಳದ ಆಚೆಗೇ ಇರ್ತೈತೆ. ಆ ಪ್ಲೇಯರ್ ಇಟ್ಟಿದ್ದು ಅವ್ನ ಕೈ. ಅದನ್ನ ಹೇಳಬೇಕಾಗಿರೋದು ಅವ್ನ ಬಾಯಿ."

"ನಂಗೆ ಅವ್ನ ಬಾಯಿ ಬ್ಯಾಡ ಮಾವ. ಜೀವ ಬೇಕು."

"ತಗ. ನಾನೇನು ಬ್ಯಾಡ ಅಂದ್ನಾ? ಮೊದ್ಲು ಬಾಯಿ ತಗ, ಆಮ್ಯಾಕೆ ಜೀವ ತಗ. ಎರಡೂ ಬೇಕಂದ್ರೆ ಎಳ್ಕಂಡು ನಿಲ್ಲೋ ಬಿಲ್ಲು ಬೇಕು. ಇಪ್ಪತ್ತೈದು ಹಿಡಿದ್ರೆ ಅವ್ನು ಬಾಯಿ ತೆರೆಯೋದ್ರಾಗೇ ನಿನ್ನ ಕೈ ಬಿಟ್ಬಿಡ್ತೈತೆ."

ಮಧ್ಯಾಹ್ನದವರೆಗೆ ಅವನು ಹೊಸ ಬಿದಿರನ್ನು ಒಡೆದ ಗಾಜಿನ ಚೂರಿನಿಂದ ಹೆರೆದ. ಹೆರೆಯುವುದು, ಕೊಂಬೆಗೆ ನೇತುಹಾಕಿ ನನ್ನ ತಕ್ಕಡಿಯಲ್ಲಿ ನೋಡುವುದು, ಮತ್ತೆ ಹೆರೆಯುವುದು. ಹದಿನಾಲ್ಕು. ಹನ್ನೆರಡೂವರೆ. ಹನ್ನೊಂದು ಬಂದಾಗ ನಿಲ್ಲಿಸಿದ. ಕಡ್ಡಿ ಗೀರಿದ. ಅದು ಅವನ ಬೆರಳು ಸುಟ್ಟರೂ ನನ್ನ ಕೈ ಅಲುಗಲಿಲ್ಲ. "ಇನ್ನು ಮೂರು ಕಡ್ಡಿಗೆ ಅಭ್ಯಾಸ ಮಾಡು," ಎಂದು ಹೇಳಿ ಊಟಕ್ಕೆ ಎಬ್ಬಿಸಿದ.

ಚಳಿಗಾಲವೆಲ್ಲ ಹಟ್ಟಿಯಲ್ಲೇ ಉಳಿದೆ. ದಿನಾ ಬೆಳಿಗ್ಗೆ ಮಂಡಿಗೆ ಹೋಗುವ ಮುಂಚೆ ಮನೆಯ ಹಿಂದೆ ಶೇಂಗಾ ಹೊಟ್ಟು ತುಂಬಿದ ಚೀಲವೊಂದನ್ನು ಗೂಟಕ್ಕೆ ಕಟ್ಟಿ ಬಾಣ ಬಿಡುತ್ತಿದ್ದೆ. ಚೀಲಕ್ಕೆ ನನ್ನದೊಂದು ಬಿಳಿ ಅಂಗಿ ತೊಡಿಸಿದ್ದೆ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೂರು ದಿನ ನೋಡಿದಳು. ನಾಲ್ಕನೆಯ ದಿನ ಹೋಗಿ ನೋಡಿದರೆ ಚೀಲದ ಮೇಲಿನ ಅಂಗಿಗೆ ಗುಂಡಿಗಳನ್ನೆಲ್ಲ ಹಾಕಿ, ತೋಳುಗಳನ್ನು ಮೊಣಕೈವರೆಗೆ ಮಡಚಿಟ್ಟಿದ್ದಳು. ಸಾವ್ಕಾರ ಹಾಗೆಯೇ ಮಡಚುತ್ತಾನೆ.

ಹೆದೆ ಉಜ್ಜಿ ಬೆರಳು ಸಿಪ್ಪೆ ಸುಲಿದವು. ನಂತರ ದಡ್ಡುಗಟ್ಟಿದವು. ಒಂದು ಕಡ್ಡಿಯಿಂದ ಎರಡಕ್ಕೆ ಬಂದೆ, ಎರಡರಿಂದ ಮೂರಕ್ಕೆ. ಅಷ್ಟೂ ದಿನ ನಾನು ಅಣ್ಣನನ್ನು ನೆನೆದದ್ದಕ್ಕಿಂತ ಸಾವ್ಕಾರನನ್ನು ನೆನೆದದ್ದೇ ಹೆಚ್ಚು. ಅವನ ಕುತ್ತಿಗೆ, ಅವನ ಜೇಬು, ಜೇಬಿನ ಹಿಂದೆ ಇರುವ ಜಾಗ. ಅಣ್ಣನ ಮುಖ ಮಸುಕಾಗುತ್ತಿತ್ತು, ಅದಕ್ಕೂ ಅವನೇ ಕಾರಣ ಎಂದು ಇನ್ನಷ್ಟು ಎಳೆಯುತ್ತಿದ್ದೆ.

ಬೇಸಿಗೆ ಬೆಳೆ ಕಾಯಿ ಕಟ್ಟಿದಾಗ ಅದೇ ಬದುವಿನ ಮೇಲೆ ಅದೇ ತಂತಿ ಮತ್ತೆ ಬಂತು. ಅದನ್ನು ನೋಡಿದ ಮಾರನೆಯ ಬೆಳಿಗ್ಗೆ ನಾನು ಹೋದೆ.

ಕಳೆ ತೆಗೆಯಲು ಬಂದ ಇಬ್ಬರು ಹೆಂಗಸರು ದಾರಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪಕ್ಕದ ಊರಿನವರು. ಸಾವ್ಕಾರ ಬಂದು ಸ್ವಿಚ್ ತೆಗೆಯುವವರೆಗೆ ಅವರು ಬದು ದಾಟುವುದಿಲ್ಲ ಎಂದು ಆಗಲೇ ನನಗೆ ಅರ್ಥವಾದದ್ದು. ತಂತಿಯ ವಿಷಯ ಅವರಿಗೆ ಮೊದಲಿನಿಂದ ಗೊತ್ತಿತ್ತು. ಇಡೀ ಊರಿಗೆ ಗೊತ್ತಿತ್ತು. ಅವರ ಮೇಲೂ ನನಗೆ ದ್ವೇಷ ಉಕ್ಕಿತು. ನಾನು ಜಾಲಿಯ ಮರೆಗೆ ಹೋಗಿ ನಿಂತೆ.

ಏಳಕ್ಕೆ ಬೈಕು ಬಂತು. ಅವನು ಇಳಿದು ಸ್ಟಾರ್ಟರ್ ಡಬ್ಬಿಯ ಕಡೆ ಎರಡು ಹೆಜ್ಜೆ ಇಡುವುದರೊಳಗೆ ನಾನು ಮರೆಯಿಂದ ಹೊರಗೆ ಬಂದು ಹೆದೆ ಎಳೆದೆ.

"ಅಲ್ಲೇ ನಿಂತ್ಕಳ್ರಿ ಸಾವ್ಕಾರ್ರೆ."

ಅವನು ತಿರುಗಿದ. ಮೊದಲು ನಕ್ಕ. "ಏನಲೇ ಇದು, ನಾಟ್ಕಾನಾ? ಇಳಿಸಲೇ ಕೈ."

"ಆ ತಂತಿ ಹಿಡೀರಿ."

"ಯಾಕೆ ಹಿಡೀಬೇಕು?"

"ಕರೆಂಟ್ ಕೊಡಲ್ಲ ಅಂತ ಹೇಳಿದ್ರಲ್ಲ ಎಲ್ರ ಮುಂದೆ. ಕರೆಂಟ್ ಇಲ್ಲ ಅಂದ್ರೆ ಹಿಡೀರಿ."

ಅವನು ಹೆಂಗಸರ ಕಡೆ ನೋಡಿದ. ಅವರು ಎದ್ದು ನಿಂತಿದ್ದರು. ಒಬ್ಬಳ ಬಾಯಲ್ಲಿ ಎಲೆ ಹಾಗೇ ಇತ್ತು. "ಲೇ, ತಲೆ ಕೆಟ್ಟೈತೇನಲೇ ನಿಂಗೆ, ಪೊಲೀಸ್ರಿಗೆ ಫೋನ್ ಮಾಡ್ತೀನಿ," ಎಂದು ಜೇಬಿಗೆ ಕೈ ಹಾಕಿದ. ನಾನು ಬಾಣದ ತುದಿಯನ್ನು ಆ ಕೈಯ ಮೇಲಕ್ಕೆ ತಂದೆ. ಅವನು ಕೈ ಹೊರಗೆ ತೆಗೆದ. ಫೋನು ಜೇಬಿನಲ್ಲೇ ಉಳಿಯಿತು.

ಮೊದಲ ಕಡ್ಡಿ ಮುಗಿದಿರಬೇಕು. ನನ್ನ ಎಡಗೈ ಕಲ್ಲಿನಂತಿತ್ತು.

"ಹಿಡೀರಿ ಸಾವ್ಕಾರ್ರೆ. ನಮ್ಮಣ್ಣ ಹಿಡಿದಂಗೆ ಹಿಡೀರಿ."

"ಅಪ್ಪಾ," ಎಂದ. ಲೇ ಎನ್ನುತ್ತಿದ್ದವನು ಅಪ್ಪಾ ಎಂದ. ನಂತರ "ಅಣ್ಣಾ" ಎಂದ, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. "ನಂಗೂ ಮನೆ ಮಕ್ಳು ಅದಾವೆ ಅಣ್ಣಾ."

ಅದನ್ನು ಕೇಳಿ ನನಗೆ ಆದದ್ದು ಸಂತೋಷ. ಸುಳ್ಳು ಬರೆಯುವುದಿಲ್ಲ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಹಿಡೀರಿ, ಇಲ್ಲಾಂದ್ರೆ ಯಾಕೆ ಹಿಡಿಯಲ್ಲ ಅಂತ ಈ ಅಕ್ಕಂದಿರಿಗೆ ಹೇಳ್ರಿ."

"ಕರೆಂಟೈತೆ," ಎಂದ. ಕೇಳಿಸಲಿಲ್ಲ ಎಂದೆ. "ಕರೆಂಟೈತೆ ತಂತೀಲಿ! ಅವತ್ತೂ ಇತ್ತು!"

"ನಮ್ಮಣ್ಣ ಯಾಕೆ ಬಂದಿದ್ದ?"

ಎರಡನೆಯ ಕಡ್ಡಿ. ಭುಜದೊಳಗೆ ಬಿಸಿ ಏಳುತ್ತಿತ್ತು, ಆದರೆ ತುದಿ ಅಲುಗುತ್ತಿರಲಿಲ್ಲ. ಅವನು ನನ್ನ ಕೈಯನ್ನೇ ನೋಡುತ್ತಿದ್ದ, ಅದು ಸೋಲುತ್ತದೆಂದು ಕಾಯುತ್ತಿದ್ದ. ಸೋಲಲಿಲ್ಲ.

"ಹೋರಿ ಹಿಡಿಯಾಕೆ ಬಂದಿದ್ದ," ಎಂದ. "ಹೋರಿ ತಂತಿ ಜಿಗಿದು ಹೊಲದಾಗೆ ಹೋಗಿತ್ತು. ಅವ್ನು ತಂತಿಗೆ ಬಿದ್ದಿದ್ದ, ನಾನು ಬಂದು ನೋಡಿದೆ. ಪ್ಲೇಯರ್ ನಂದು. ಬೈಕಿನ ಚೀಲದಾಗೆ ಇತ್ತು. ನಾನೇ ಇಟ್ಟೆ." ಹೇಳಿ ಅವನು ಬದುವಿನ ಮಗ್ಗುಲ ಹಸಿ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬಿಳಿ ಪ್ಯಾಂಟಿನ ಮುಂದೆ ಒದ್ದೆಯಾಗಿತ್ತು.

ಬಾಯಿ ಸಿಕ್ಕಿತು. ಇನ್ನು ಜೀವ ತೆಗೆದುಕೊಳ್ಳಬಹುದಿತ್ತು. ಮೂರನೆಯ ಕಡ್ಡಿಯಷ್ಟು ಹೊತ್ತು ಬಾಣವನ್ನು ಅವನ ಜೇಬಿನ ಮೇಲೆ ಹಿಡಿದುಕೊಂಡೇ ನಿಂತಿದ್ದೆ. ಬೆರಳು ಬಿಡಬೇಕೆಂದೇ ಇದ್ದವು. ಆದರೆ ಅವನನ್ನು ಅಲ್ಲೇ ಬೀಳಿಸಿದರೆ ಜನ ಆ ಮಾತನ್ನು ಮರೆತು ಅವನ ಸಾವನ್ನು ಮಾತಾಡುತ್ತಾರೆ, ಅಣ್ಣ ಹಳ್ಳದ ಆಚೆಗೇ ಉಳಿಯುತ್ತಾನೆ ಎನ್ನಿಸಿತು. ಹೆದೆಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟು ಬಾಣ ತೆಗೆದೆ. ಇದು ದಯೆ ಅಲ್ಲ. ಆ ಕೆಲಸವನ್ನು ಅರ್ಧಕ್ಕೆ ಬಿಟ್ಟ ಹಾಗೆ ಇವತ್ತಿಗೂ ನನಗೆ ಅನಿಸುತ್ತದೆ.

ಮಧ್ಯಾಹ್ನದೊಳಗೆ ಆ ಇಬ್ಬರು ಹೆಂಗಸರು ಸುತ್ತಲ ನಾಲ್ಕು ಊರಿಗೆ ಹೇಳಿ ಮುಗಿಸಿದ್ದರು. ಅವನು ನನ್ನ ಮೇಲೆ ದೂರು ಕೊಡಲಿಲ್ಲ, ಕೊಟ್ಟರೆ ತಂತಿಯ ಮಾತು ಬರುತ್ತಿತ್ತು. ಇಪ್ಪತ್ತು ದಿನಕ್ಕೆ ಅವನ ಶೇಂಗಾ ಕೀಳುವ ಹೊತ್ತಾಯಿತು. ನಮ್ಮ ಹಟ್ಟಿಯಿಂದ ಒಬ್ಬರೂ ಕೂಲಿಗೆ ಹೋಗಲಿಲ್ಲ, ಪಕ್ಕದ ಊರುಗಳಿಂದಲೂ ಹೋಗಲಿಲ್ಲ. ಗಿಡ ಒಣಗಿ ಕಾಯಿ ಮಣ್ಣಿನಲ್ಲೇ ಉಳಿಯತೊಡಗಿದಾಗ ಅವನು ಆಳು ಕಳಿಸಿ ಎಂದು ನಮ್ಮ ಹಟ್ಟಿಯ ಹಿರಿಯರಿಗೆ ಹೇಳಿ ಕಳಿಸಿದ. ಬಂದು ರೊಪ್ಪದ ಮುಂದೆ ನಿಂತು ಹೇಳಲಿ ಎಂದು ಹಿರಿಯರು ಹೇಳಿ ಕಳಿಸಿದರು.

ಒಂದು ಸೋಮವಾರ ದನ ಮೇವಿಗೆ ಹೊರಡುವ ಮುಂಚೆ ಅವನು ಬಂದ. ಚಪ್ಪಲಿಯನ್ನು ದೂರದಲ್ಲೇ ಬಿಡಿಸಿದರು. ಹಟ್ಟಿಯೆಲ್ಲ ಸೇರಿತ್ತು. ಅತ್ತಿಗೆ ರೊಪ್ಪದ ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತಿದ್ದಳು. ಅವನು ಕೈ ಮುಗಿದು ತಲೆ ತಗ್ಗಿಸಿ, ಹೊಲದಲ್ಲಿ ಹೇಳಿದ್ದನ್ನೇ ಹೇಳಿದ. ಕಿಲಾರಿ ಕಳ್ಳನಲ್ಲ, ಹೋರಿ ಹಿಡಿಯಲು ಬಂದಿದ್ದ, ತಂತಿ ನನ್ನದು, ಪ್ಲೇಯರ್ ನನ್ನದು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. "ಮಾತು ತೊಳೀತು," ಎಂದರು. ಮೂಡಲ ಮಗ್ಗುಲಿಗೆ ಕಲ್ಲು ನಿಲ್ಲಿಸಬಹುದು ಎಂದರು. ಅವರಲ್ಲೊಬ್ಬರು ಅತ್ತಿಗೆಯ ಕಡೆ ತಿರುಗಿ, "ಸಾಕೇನವ್ವಾ?" ಎಂದು ಕೇಳಿದರು.

"ಇನ್ನೊಂದ್ಸಲ ಹೇಳ್ಲಿ," ಎಂದಳು ಅತ್ತಿಗೆ.

ಅವನು ಇನ್ನೊಂದು ಸಲ ಹೇಳಿದ.

"ಇನ್ನೊಂದ್ಸಲ."

ಹೇಳಿದ. ನಾಲ್ಕನೆಯ ಸಲಕ್ಕೆ ಅವನ ಧ್ವನಿ ಒಡೆಯಿತು. ಹಿರಿಯರಲ್ಲೊಬ್ಬರು, "ಆತು ಬಿಡವ್ವಾ, ಬಿಸ್ಲು ಏರ್ತು, ದನ ಬಿಡಬೇಕು," ಎಂದರು. ಅವಳು ಅವರ ಕಡೆ ನೋಡಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿದರು. ಅವನೂ ಹೋಗಲೆಂದು ಚಪ್ಪಲಿಯ ಕಡೆ ಹೆಜ್ಜೆ ಇಟ್ಟ. ನಾನು ದಾರಿಗೆ ಅಡ್ಡ ಹೋಗಿ ನಿಂತೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅವನು ನನ್ನ ಮುಖ ನೋಡಿ, ವಾಪಸ್ಸು ತಿರುಗಿ, ಅತ್ತಿಗೆಯ ಮುಂದೆ ಹೋಗಿ ನಿಂತು ಮತ್ತೆ ಮೊದಲಿನಿಂದ ಹೇಳತೊಡಗಿದ.